ಮೂರನೇ ಬದ

ಸಣ್ಣೇಗೌಡ ಮೇಷ್ಟ್ರ ಹಿಮಾಲಯ ಎಡಕ್ಕೆ ವಾಲಿತ್ತು. ಎರಡು ಅಂಗೈಗಳನ್ನು ಎದುರುಬದುರು ಹಿಡಿದು, ಒತ್ತಿ, ಬೆರಳುಗಳನ್ನು ಮೇಲಕ್ಕೆಬ್ಬಿಸಿ ಅವರು ಪರ್ವತ ಕಟ್ಟುತ್ತಿದ್ದರು. ಎಳೆತನದಲ್ಲಿ ಗಾಡಿಯ ನೊಗಕ್ಕೆ ಸಿಕ್ಕಿದ್ದ ಎಡಗೈ ನಡುಬೆರಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ನಮ್ಮೂರು ಭೇರ್ಯದಲ್ಲಿ ಅವರ ಹತ್ತಿರ ಸಮಾಜ ಪಾಠ ಕಲಿತವರಿಗೆಲ್ಲ ಹಿಮಾಲಯ ಈಗಲೂ ಸೊಟ್ಟಗೇ ಇದೆ.

ಭೂಫಲಕಗಳ ‘ಅಂಚು’ ಎಂದು ಪುಸ್ತಕದಲ್ಲಿತ್ತು. ನಮಗೆ ಅಂಚು ಎಂದರೆ ಸೀರೆಯದು. ಮೇಷ್ಟ್ರು ಅದನ್ನು ಬದ ಮಾಡಿದರು, ಹೊಲಕ್ಕೂ ಹೊಲಕ್ಕೂ ನಡುವೆ ಇರುವ ಬದ.

“ಭೂಮಿ ಚಿಪ್ಪು ತುಂಡುತುಂಡಾಗೈತೆ ಕಣ್ರಲಾ. ಒಂದೊಂದು ತುಂಡೂ ಒಂದೊಂದು ಒಲ. ಗಲಾಟೆ ಎಲ್ಲಾ ಬದದಲ್ಲೇ. ಎಲ್ಡು ದೂರ ಸರುದ್ರೆ ಸಂದೀಲಿ ಕೆಳಗಿಂದ ಬಿಸಿಕಲ್ಲು ಉಕ್ಕಿ ಒಸಾ ನೆಲ ಆಯ್ತದೆ. ಎದುರುಬದ್ರು ಗುದ್ದೋದು ಎಲ್ಡನೇ ಬದ. ಇಬ್ರೂ ತಗ್ನಿಲ್ಲ ಅನ್ನಿ, ಹಿಮಾಲಯ. ಒಬ್ಬ ಭಾರ ಇದ್ದೋನು ತಗ್ಗಿ ಇನ್ನೊಬ್ಬನ ಅಡೀಕೆ ಓದ್ರೆ, ಕಡಲಲ್ಲಿ ಕಂದಕ, ದಡದಲ್ಲಿ ಜ್ವಾಲಾಮುಖಿ.”

ಪರೀಕ್ಷೆಯಲ್ಲಿ ಇಡೀ ತರಗತಿ ‘ಭೂಫಲಕದ ಬದಗಳು ಮೂರು ವಿಧ’ ಎಂದು ಬರೆಯಿತು. ಮೇಷ್ಟ್ರು ಯಾರಿಗೂ ತಪ್ಪು ಹಾಕಲಿಲ್ಲ.

ನಾನು ಆಗಲೇ ಮಿಮಿಕ್ರಿ ಹುಚ್ಚಿನವನು. ನನ್ನ ಸ್ವಂತ ದನಿ ಒಡೆದ ತಮಟೆಯಂತಿದ್ದುದರಿಂದ ಊರವರ ದನಿಗಳನ್ನೆಲ್ಲ ಎರವಲು ಪಡೆದಿದ್ದೆ. ಮೇಷ್ಟ್ರೂ ಅವರ ಅಣ್ಣ ದೊಡ್ಡೇಗೌಡರೂ ಗದ್ದೆಯ ಬದದ ಜಗಳಕ್ಕೆ ನಾನು ಹುಟ್ಟುವ ಮೊದಲೇ ಮಾತು ಬಿಟ್ಟವರು. ಬದದ ಮೇಲೆ ಎದುರಾದರೆ ಒಬ್ಬರು ಕೆಮ್ಮುವರು, ಇನ್ನೊಬ್ಬರು ಗಂಟಲು ಸರಿಮಾಡಿಕೊಳ್ಳುವರು, ಭುಜಕ್ಕೆ ಭುಜ ಉಜ್ಜಿಕೊಂಡು ಹೋಗಿಬಿಡುವರು. ಒಂದು ಮಧ್ಯಾಹ್ನ ತರಗತಿಯಲ್ಲಿ ಈ ಇಬ್ಬರನ್ನೂ ನಾನೇ ಆಡಿ ತೋರಿಸುತ್ತಿದ್ದಾಗ ಹುಡುಗರ ನಗು ತಟ್ಟನೆ ನಿಂತಿತು. ಮೇಷ್ಟ್ರು ಬಾಗಿಲಲ್ಲಿದ್ದರು.

“ನಿಲ್ಲುಸ್ಬೇಡ ಕಣ್ಲಾ. ನಮ್ಮಣ್ಣನ ಕೆಮ್ಮು ಇನ್ನೂ ಒರಟು.”

ಒಳಬಂದು ಎರಡು ಅಂಗೈ ಜೋಡಿಸಿ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಉಜ್ಜಿದರು. “ಇದೇ ಮೂರನೇ ಬದ. ಇಲ್ಲಿ ಬೆಟ್ಟ ಏಳಕಿಲ್ಲ, ಕಡಲೂ ಉಟ್ಟಕಿಲ್ಲ. ಸುಮ್ನೆ ಉಜ್ಕೊಂಡು ಓಯ್ತವೆ. ಆಗಾಗ ನೆಲ ನಡುಗ್ತದೆ, ಅಷ್ಟೆ.”

ಆ ಪಾಠ ಯಾರೂ ಮರೆಯಲಿಲ್ಲ.

ನಿವೃತ್ತಿಯಾದ ಮೇಲೆ ಮೇಷ್ಟ್ರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಮೈಸೂರಿನಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ನಾನು ಆ ಹೊತ್ತಿಗೆ ಕೆ.ಆರ್. ನಗರದ ಮದುವೆ ಆರ್ಕೆಸ್ಟ್ರಾಗಳಲ್ಲಿ ಕತ್ತೆಯಿಂದ ಮಂತ್ರಿಯವರೆಗೆ ಎಲ್ಲರ ದನಿ ಮಾರುತ್ತಿದ್ದೆ. ಮೇಷ್ಟ್ರು ಹೇಳಿಕಳಿಸಿದರೆಂದು ಹೋದೆ. ಸ್ಲೇಟಿನ ಮೇಲೆ ಬರೆದು ತೋರಿಸಿದರು: ‘ಅಣ್ಣಯ್ಯನಿಗೆ ಓದಲು ಬರದು. ನನ್ನ ದನಿ ನಿನ್ನ ಹತ್ತಿರ ಇದೆಯಲ್ಲ.’

ದೊಡ್ಡೇಗೌಡರನ್ನು ನಾನೇ ಕರೆತಂದೆ. ತಮ್ಮನಿಗೆ ಹುಷಾರಿಲ್ಲ ಎಂದರೆ ಸಾಕಾಯಿತು. ಆದರೆ ಹೊಸ್ತಿಲಲ್ಲಿ ನಿಂತವರು ಒಳಬರಲಿಲ್ಲ. ಕೆಮ್ಮಿದರು. ಮಂಚದ ಮೇಲಿದ್ದ ಮೇಷ್ಟ್ರು ಬಲಗೈಯನ್ನು ನಿಧಾನವಾಗಿ ಎಡಗೈಯ ಅಡಿಗೆ ಸರಿಸಿ ನನ್ನ ಕಡೆ ನೋಡಿದರು. ನನಗೆ ಪಾಠ ನೆನಪಿತ್ತು.

“ಅಣ್ಣಯ್ಯ,” ಎಂದೆ, ಅವರ ದನಿಯಲ್ಲಿ. “ನಾನೇ ತಗ್ತೀನಿ ಬುಡು. ಬದ ನಿನ್ ಕಡೀಕೇ ಇರ್ಲಿ. ಒಂದ್ ಮಾತಾಡು.”

ದೊಡ್ಡೇಗೌಡರು ನನ್ನ ಕಡೆ ತಿರುಗಲೇ ಇಲ್ಲ. ತಮ್ಮನ ಮುಚ್ಚಿದ ತುಟಿಗಳನ್ನೇ ನೋಡುತ್ತ ಒಳಬಂದು, ಆ ಸೊಟ್ಟ ಬೆರಳಿನ ಕೈ ಹಿಡಿದುಕೊಂಡರು.

“ಬದದ ಮನೆ ಆಳಾಗ. ಏನಾರ ಉಂಡ್ಯೇನ್ಲಾ?”

ಆ ಬೇಸಿಗೆ ಕಳೆಯುವಷ್ಟರಲ್ಲಿ ಮೇಷ್ಟ್ರು ಹೋದರು.

ಹೋದ ತಿಂಗಳು ನಾಲೆಯ ಹತ್ತಿರ ದೊಡ್ಡೇಗೌಡರು ಸಿಕ್ಕಿ ನನ್ನ ಬೈಕಿಗೆ ಕೈ ಅಡ್ಡ ಹಿಡಿದರು. ಅವರ ಹಿಂದೆ ಗದ್ದೆ ಕಾಣುತ್ತಿತ್ತು, ಬದ ಅಲ್ಲೇ ಇತ್ತು, ಹುಲ್ಲು ಬೆಳೆದಿತ್ತು.

“ಒಂದ್ಸಾರಿ ನನ್ನ ಕರಿ ಕಣಪ್ಪ. ಅವನಂಗೆ.”

ಗಂಟಲು ಸರಿಮಾಡಿಕೊಂಡು “ಅಣ್ಣಯ್ಯ” ಎಂದೆ. ಬಂದದ್ದು ನನ್ನದೇ ಒಡೆದ ತಮಟೆ.

ಆದರೂ ಅವರು “ಓ” ಅಂದರು.