ಓಡೈಪಟ್ಟಿಯಲ್ಲಿ ಮಾತ್ರ ಸ್ಟಾರ್ಟ್ ಆಗದ ಕಾರು

ಕೊರೊನಾ ಲಾಕ್‌ಡೌನ್‌ಗಳೆಲ್ಲ ಮುಗಿದು ಎರಡನೇ ವರ್ಷ. ನಾನು ಆಗ ಒಂದು ಕಾರು ಕಂಪನಿಯಲ್ಲಿ ಫೀಲ್ಡ್ ಟೆಕ್ನಿಕಲ್ ಆಫೀಸರ್. ಊರು ದಾವಣಗೆರೆ, ವಾಸ ತಮಿಳುನಾಡಿನ ದಿಂಡಿಗಲ್. ದಿಂಡಿಗಲ್ ಮತ್ತು ತೇನಿ ಜಿಲ್ಲೆಗಳ ಡೀಲರ್ ವರ್ಕ್‌ಶಾಪ್‌ಗಳು ನನ್ನ ಪಾಲಿಗೆ ಬಂದಿದ್ದವು. ವರ್ಕ್‌ಶಾಪಿನವರು ಕೈಚೆಲ್ಲಿದ ಗಾಡಿಗಳನ್ನು ನೋಡುವುದು ನನ್ನ ಕೆಲಸ. ಕೆಲಸದ ಅರ್ಧ ಭಾಗ ಯಂತ್ರ, ಇನ್ನರ್ಧ ಮಾಲೀಕರ ಪ್ರಶ್ನೆಗಳು. ಸ್ಟೆಪ್ನಿ ಟೈರು ಉಳಿದ ನಾಲ್ಕಕ್ಕಿಂತ ಸಣ್ಣದೇಕೆ, ನಮಗೆ ಮೋಸ ಮಾಡಿದಿರಾ ಎಂದು ಒಬ್ಬರು. ನ್ಯಾವಿಗೇಷನ್ ನಂಬಿ ಬೋಡಿ ಬೆಟ್ಟದ ಮೇಲಿನ ಏಲಕ್ಕಿ ತೋಟದ ಜೀಪು ದಾರಿಗೆ ನುಗ್ಗಿದೆ, ಬಂಪರ್‌ಗೆ ವಾರಂಟಿ ಇದೆಯೇ ಎಂದು ಇನ್ನೊಬ್ಬರು. ದುಬೈಯಲ್ಲಿ ಬಾಡಿಗೆ ಕಾರು ತೆಗೆದುಕೊಂಡರೆ ನಮ್ಮ ಫೋನಿನ ಮ್ಯಾಪು ಅಲ್ಲೂ ದಾರಿ ಹೇಳುತ್ತದೆಯೇ ಎಂದು ಕೇಳಿದವರೂ ಇದ್ದರು. ನನಗೆ ಇಂಥ ಪ್ರಶ್ನೆಗಳೆಂದರೆ ಇಷ್ಟ. ಕೇಳುವವರಿಗೆ ನಾಚಿಕೆಯಿರಬಹುದು, ಆದರೆ ಗಾಡಿಯ ಬಗ್ಗೆ ನಿಜವಾದ ಕುತೂಹಲ ಇರುವುದು ಅವರಿಗೇ.

ನನಗೆ ಮೈ ಉರಿಯುವುದು ಮೂರು ಪದಗಳನ್ನು ಕಂಡರೆ: ‘ನೋ ಫಾಲ್ಟ್ ಫೌಂಡ್’. ದೋಷ ಕಂಡುಬಂದಿಲ್ಲ ಎಂದರ್ಥ. ವರ್ಕ್‌ಶಾಪಿನಲ್ಲಿ ಕಾಣಲಿಲ್ಲ ಅಂದಮಾತ್ರಕ್ಕೆ ಮಾಲೀಕರು ಸುಳ್ಳು ಹೇಳುತ್ತಿದ್ದಾರೆ ಎಂದೇನಲ್ಲವಲ್ಲ. ತೇನಿಯ ವರ್ಕ್‌ಶಾಪಿನಿಂದ ಆ ವರ್ಷ ನನ್ನ ಮುಂದೆ ಬಂದ ಕೇಸಿನ ಮೇಲೆ ಎರಡು ಸಲ ಅದೇ ಮೂರು ಪದ ಬರೆದಿದ್ದರು.

ಕಾರು ಹೊಸದು. ಮಾಲೀಕ ಸರವಣನ್ ಬೋಡಿಯ, ಅಂದರೆ ಬೋಡಿನಾಯಕನೂರಿನ, ಏಲಕ್ಕಿ ವ್ಯಾಪಾರಿ, ಮದುವೆಯ ವಯಸ್ಸಿನ ಹುಡುಗ. ಓಡೈಪಟ್ಟಿಯ ದ್ರಾಕ್ಷಿ ತೋಟದ ಮನೆಗೆ ಹೆಣ್ಣು ನೋಡಲು ಹೋದ ದಿನ ಅಂಗಳದಲ್ಲಿ ಕಾರು ನಿಲ್ಲಿಸಿದ್ದಾನೆ. ಹೊರಡುವಾಗ ಸ್ಟಾರ್ಟ್ ಬಟನ್ ಒತ್ತಿದರೆ, ಕೀ ಇಲ್ಲ ಎಂದು ಕಾರು ಹೇಳುತ್ತದೆ. ಕೀ ಅವನ ಕೈಯಲ್ಲೇ ಇದೆ. ಕ್ರೇನ್ ಗಾಡಿ ಬಂದು ಎತ್ತಿಕೊಂಡು ಹೋಗಿ ಟಾರು ರಸ್ತೆಗೆ ಇಳಿಸಿದೊಡನೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ವರ್ಕ್‌ಶಾಪಿನವರು ಕೀಯ ಬ್ಯಾಟರಿ ಬದಲಿಸಿ ಕಳಿಸಿದರು. ಮಾತುಕತೆಗೆಂದು ಎರಡನೇ ಸಲ ಅದೇ ಮನೆಗೆ ಹೋದಾಗ ಅದೇ ಕಥೆ, ಅದೇ ಕ್ರೇನ್. ಬೋಡಿ, ಕಂಬಂ, ಗೂಡಲೂರು, ಬೇರೆಲ್ಲಿ ಹೋದರೂ ಗಾಡಿ ಗುಂಡುಕಲ್ಲಿನ ಹಾಗಿದೆ.

ಹುಡುಗನ ಮನೆಯಲ್ಲಿ ಮಾತು ನಡೆಯುವುದು ಅವನ ಅತ್ತೆ ನಾಗಮ್ಮನವರದು. ತಂದೆ ತೀರಿಕೊಂಡ ಮೇಲೆ ಅವನನ್ನು ಬೆಳೆಸಿದವರು ತಂದೆಯ ಅಕ್ಕನಾದ ಅವರೇ. ಕಾರಿನ ಜೊತೆ ವರ್ಕ್‌ಶಾಪಿಗೆ ಬಂದು ನನ್ನೆದುರು ಕೂತರು. ನಾನು ಕನ್ನಡದವಳೆಂದು ತಿಳಿದದ್ದೇ ತಮಿಳು ಬಿಟ್ಟು ತಮ್ಮ ಮನೆಮಾತಿಗೆ ಇಳಿದರು. ಶತಮಾನಗಳ ಹಿಂದೆ ತೇನಿ ಕಡೆಯ ಕಣಿವೆಗೆ ಬಂದು ನೆಲೆಸಿದ ಕನ್ನಡದ ಬೇಸಾಯಗಾರರ ಮನೆತನ ಅವರದು. ಅರ್ಧ ಮಾತು ನನ್ನ ಅಜ್ಜಿಯ ಬಾಯಲ್ಲಿ ಕೇಳಿದಂತಿತ್ತು, ಇನ್ನರ್ಧ ತಮಿಳು. ಅವರ ಮನೆಯಲ್ಲಿ ದನದ ಮಾತಿಗೆ ಬೆಲೆ ಹೆಚ್ಚಂತೆ. ಎತ್ತಿನ ಬಂಡಿಯ ಕಾಲದಲ್ಲಿ ಹೆಣ್ಣಿನ ಮನೆ ಬಾಗಿಲಲ್ಲಿ ಎತ್ತು ಮೂರು ಸಲ ಮೊಂಡು ಹಿಡಿದರೆ ಸಂಬಂಧ ಬಿಟ್ಟುಬಿಡುತ್ತಿದ್ದರಂತೆ. ಈಗ ಎತ್ತಿಲ್ಲ, ಕಾರಿದೆ.

“ವಂಡಿ ಎರಡು ತಡವೆ ನಿಂತು ಹೇಳ್ತು, ತಾಯಿ. ನಾಳೆ ನಿಶ್ಚಯ. ಮೂರನೇ ತಡವೆನೂ ನಿಂತ್ರೆ ನಾವು ಕೇಳ್ಕಬೇಕು” ಎಂದರು. ವಂಡಿ ಎಂದರೆ ಗಾಡಿ, ತಡವೆ ಎಂದರೆ ಸಲ.

ಅವರ ದನಿಯಲ್ಲಿ ಹಟ ಇರಲಿಲ್ಲ, ಭಯವಿತ್ತು. ಆದ್ದರಿಂದ ನಾನು ನಗಲಿಲ್ಲ. ಅವರದೇ ಒಪ್ಪಿಗೆ ಪಡೆದು ಆ ಕಾರನ್ನೇ ಓಡಿಸಿಕೊಂಡು ಓಡೈಪಟ್ಟಿಗೆ ಹೊರಟೆ.

ತೋಟದ ಮನೆಯ ಯಜಮಾನರು ಮುತ್ತಯ್ಯ ಗೌಂಡರ್, ನಾಗಮ್ಮನವರ ಹಾಗೆಯೇ ಕನ್ನಡ ಮನೆಮಾತಿನವರು. ಕಾರು ಕಂಡೊಡನೆ ಅವರ ಮುಖ ಇಳಿದುಹೋಯಿತು. ಮಾತಾಡಲು ಬಂದವಳು ಮಗಳು ಮಲರ್, ನಾಳೆ ನಿಶ್ಚಯವಾಗಬೇಕಾದ ಹುಡುಗಿ. ಫಿಸಿಕ್ಸ್ ಓದಿ, ಊರಿಗೇ ಮರಳಿ ತೋಟದ ನೀರಾವರಿಯನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದಳು. ನಾನು ಅಂಗಳದಲ್ಲಿ ಎಂಜಿನ್ ಆರಿಸಿ, ಇಳಿದು ಕೀಯ ಗುಂಡಿ ಒತ್ತಿದೆ. ಲಾಕ್ ಆಗಲಿಲ್ಲ. ಒಳಗೆ ಕೂತು ಸ್ಟಾರ್ಟ್ ಒತ್ತಿದೆ. ಕೀ ಇಲ್ಲ ಎಂದಿತು. ನನಗೆ ಆದ ಸಂತೋಷ ಹೇಳತೀರದು. ಕಣ್ಣೆದುರು ಕಾಣಿಸಿಕೊಳ್ಳುವ ದೋಷ ಸಿಕ್ಕರೆ ನಮ್ಮ ಕಸುಬಿನವರಿಗೆ ಹಬ್ಬ. ಮಲರ್‌ಗೆ ನನ್ನ ನಗು ಕಂಡು ಸಿಟ್ಟು ಬಂತು. ಮನೆಯೇ ಗಾಡಿಯನ್ನು ಕೊಲ್ಲುತ್ತದೆ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ, ಈ ಮಾತು ಹರಡಿದರೆ ಇನ್ನೊಂದು ಸಂಬಂಧವೂ ಬರುವುದಿಲ್ಲ, ನಿಮಗೆ ನಗುವೇ ಎಂದು ನೇರವಾಗಿ ಕೇಳಿದಳು. ಕ್ಷಮೆ ಕೇಳಿ ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡೆ.

ಇಲ್ಲಿ ಸ್ವಲ್ಪ ವಿವರಿಸಬೇಕು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನಲ್ಲಿ ಕೀ ಮತ್ತು ಕಾರು ರೇಡಿಯೊ ಅಲೆಗಳಲ್ಲಿ ಮಾತಾಡುತ್ತವೆ. ನೀನಿದ್ದೀಯಾ ಎಂದು ಕಾರು ಕೇಳುತ್ತದೆ, ಇದ್ದೇನೆ ಎಂದು ಕೀ ಹೇಳುತ್ತದೆ. ಕೀ ಉತ್ತರಿಸುವುದು ಹೆಚ್ಚಾಗಿ 433 ಮೆಗಾಹರ್ಟ್ಸ್ ಆಸುಪಾಸಿನ ತರಂಗದಲ್ಲಿ. ಅದೇ ತರಂಗದಲ್ಲಿ ಹತ್ತಿರದಲ್ಲಿ ಬೇರೇನೋ ಬಿಡುವಿಲ್ಲದೆ ಕಿರುಚುತ್ತಿದ್ದರೆ ಕೀಯ ದನಿ ಕಾರಿಗೆ ಕೇಳಿಸದು. ಇದಕ್ಕೊಂದು ಉಪಾಯವನ್ನು ತಯಾರಕರೇ ಇಟ್ಟಿರುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಕೀಯನ್ನು ಸ್ಟಾರ್ಟ್ ಬಟನ್‌ಗೇ ತಾಗಿಸಿ ಒತ್ತಿದರೆ ಸ್ಟಾರ್ಟ್ ಆಗುತ್ತದೆ, ಕೀಯ ಬ್ಯಾಟರಿ ಸತ್ತಿದ್ದರೂ ಸರಿ. ಜಾಗ ಕಾರಿನಿಂದ ಕಾರಿಗೆ ಬದಲಾಗಬಹುದು, ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಬರೆದಿರುತ್ತದೆ. ಆ ಪುಸ್ತಕ ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ.

ಕೀ ತಾಗಿಸಿ ಸ್ಟಾರ್ಟ್ ಮಾಡಿದೆ. ಮಲರ್ ಬೆರಗಾಗಿ ನೋಡಿದಳು. ಸಿಟ್ಟು ಹೋಗಿ ಅವಳ ಕಣ್ಣಿಗೆ ಕುತೂಹಲ ಬಂದದ್ದು ಆಗಲೇ. ಇಬ್ಬರೂ ಸೇರಿ ಕಾರನ್ನು ತೋಟದ ತುಂಬ ಓಡಾಡಿಸಿದೆವು. ನಿಲ್ಲಿಸುವುದು, ಗುಂಡಿ ಒತ್ತುವುದು, ಲಾಕ್ ಆಗದ ಕಡೆ ನೆಲದಲ್ಲಿ ಒಂದು ದ್ರಾಕ್ಷಿ ಕ್ರೇಟು ಇಡುವುದು. ಮುತ್ತಯ್ಯ ಗೌಂಡರು ಜಗಲಿಯಲ್ಲಿ ತಲೆಗೆ ಕೈಹೊತ್ತು ಕೂತು ನಮ್ಮಿಬ್ಬರನ್ನು ನೋಡುತ್ತಿದ್ದರು. ಮನೆಯ ಮೇನ್ ಸ್ವಿಚ್ ಆರಿಸಿ ನೋಡಿದೆವು, ಏನೂ ವ್ಯತ್ಯಾಸವಿಲ್ಲ. ನನಗೆ ಹತ್ತಿರದ ಮೊಬೈಲ್ ಟವರಿನ ಮೇಲೆ ಗುಮಾನಿ. ಅದು ಇರುವ ದಿಕ್ಕಿಗೆ ಹೋದಷ್ಟೂ ಕೀ ಚೆನ್ನಾಗಿ ಕೆಲಸ ಮಾಡಿ ನನ್ನ ಗುಮಾನಿಗೆ ಮಂಗಳಾರತಿ ಆಯಿತು.

ಕೈಕಾಲು ತೊಳೆದು ಕಾಫಿ ಕುಡಿಯುವಾಗ ಮಲರ್ ಬಾಗಿಲ ಪಕ್ಕದ ಗೋಡೆ ತೋರಿಸಿ ಹೇಳಿದಳು:

“ಬೆಲ್ಲೂ ಹಿಂಗೇ ಮೇಡಂ. ತಂದ ಹೊಸದ್ರಲ್ಲಿ ಹೊಡ್ಕಂತಿತ್ತು, ಅಪ್ಪುರಂ ಸತ್ತೋಯ್ತು. ಡೂಪ್ಲಿಕೇಟ್ ಅಂತ ಬಿಟ್ಬಿಟ್ವಿ.”

ನಾನು ಲೋಟ ಕೆಳಗಿಟ್ಟೆ. ಅದು ವೈರಿಲ್ಲದ ಬೆಲ್. ಅಂಥ ಎಷ್ಟೋ ಬೆಲ್‌ಗಳೂ ಮಾತಾಡುವುದು ಅದೇ 433ರಲ್ಲಿ. ಬೆಲ್ ಸತ್ತದ್ದು ಯಾವಾಗ ಎಂದು ಕೇಳಿದೆ. ಮಳೆಗಾಲ ಮುಗಿದ ಮೇಲೆ ಎಂದಳು. ಆ ಹೊತ್ತಿಗೆ ತೋಟದಲ್ಲಿ ಇನ್ನೇನಾದರೂ ಕೆಟ್ಟಿತ್ತೇ ಎಂದೆ. ಅವಳು ನಾವು ಇಟ್ಟ ಕ್ರೇಟುಗಳನ್ನು ಜಗಲಿಯಿಂದ ಒಮ್ಮೆ ನೋಡಿದಳು. ಕ್ರೇಟುಗಳ ಸುತ್ತಿನ ನಡುವೆ ಇದ್ದದ್ದು ಮನೆಯಲ್ಲ, ಪಂಪ್ ಶೆಡ್ಡು. ಅದರ ಮೇಲೆ ನೀರಿನ ಟ್ಯಾಂಕು. ಟ್ಯಾಂಕಿನ ಮೇಲೆ ಅವಳೇ ಕೂರಿಸಿದ್ದ ಒಂದು ಪೆಟ್ಟಿಗೆ.

ಟ್ಯಾಂಕಿನಲ್ಲಿ ನೀರು ಇಳಿದರೆ ದೂರದ ಬಾವಿಯ ಮೋಟರಿಗೆ ವೈರಿಲ್ಲದೆ ಸುದ್ದಿ ಕಳಿಸುವ ಸಾಧನ ಅದು. ಅಪ್ಪ ತ್ರೀ ಫೇಸ್ ಕರೆಂಟಿಗೆ ಕಾದು ಬಾವಿಗೆ ಓಡುವುದು ತಪ್ಪಲಿ ಎಂದು ಆನ್‌ಲೈನಿನಲ್ಲಿ ತರಿಸಿದ್ದಳು. ಮಳೆಗಾಲದ ನಂತರ ಮೋಟರು ತಾನಾಗಿ ಓಡುವುದು ನಿಂತು, ಅಪ್ಪ ಮತ್ತೆ ಕೈಯಿಂದಲೇ ಹಾಕುತ್ತಿದ್ದರು. ಪೆಟ್ಟಿಗೆ ಸತ್ತಿದೆ ಎಂದು ಎಲ್ಲರೂ ಮರೆತಿದ್ದರು. ಅದು ಸತ್ತಿರಲಿಲ್ಲ. ಒಳಗೆ ನೀರು ಹೋಗಿ, ಒಂದು ಕ್ಷಣ ಮಾತಾಡಿ ಸುಮ್ಮನಾಗಬೇಕಾದದ್ದು ಬಾಯಿ ಮುಚ್ಚದೆ ಕಿರುಚುತ್ತಿತ್ತು. ನೆತ್ತಿಯ ಮೇಲೆ ಪುಟ್ಟ ಸೋಲಾರ್ ತಟ್ಟೆ ಇದ್ದದ್ದರಿಂದ ಮೇನ್ ಆರಿಸಿದರೂ ಅದಕ್ಕೆ ಲೆಕ್ಕವಿರಲಿಲ್ಲ. ಮಲರ್ ಏಣಿ ಹತ್ತಿ ಅದರ ವೈರು ಬಿಚ್ಚಿದಳು. ನಾನು ಕೆಳಗೆ ಕೀ ಒತ್ತಿದೆ. ಕಾರು ಕಣ್ಣು ಮಿಟುಕಿಸಿತು. ಬಾಗಿಲ ಗುಂಡಿ ಒತ್ತಿದರೆ ಮನೆಯ ಬೆಲ್ಲೂ ಹೊಡೆಯಿತು.

ಇಷ್ಟಕ್ಕೇ ಕುಣಿದಾಡಬಾರದು ಎಂದು ನಾನು ಅವಳಿಗೆ ನಮ್ಮ ಕಸುಬಿನ ಒಂದು ನಿಯಮ ಹೇಳಿದೆ. ಪಾರ್ಟ್ ತೆಗೆದಾಗ ಗಾಡಿ ಸರಿಹೋಯಿತು ಎನ್ನುವುದು ಅರ್ಧ ಉತ್ತರ, ಕಾಕತಾಳೀಯವೂ ಇರಬಹುದು. ಕೆಟ್ಟ ಪಾರ್ಟನ್ನೇ ಮತ್ತೆ ಹಾಕಿ ನೋಡಬೇಕು, ದೋಷ ಮರಳಿ ಬಂದರೆ ಮಾತ್ರ ಕೇಸು ಮುಗಿದಂತೆ. ಅವಳು ವೈರು ಮತ್ತೆ ಸಿಕ್ಕಿಸಿದಳು. ಕಾರು ಕೀ ಇಲ್ಲ ಎಂದಿತು. ನನ್ನ ಕೆಲಸ ಮುಗಿದಿತ್ತು. ಇಳಿದು ಬಾ, ನಾಗಮ್ಮನವರಿಗೆ ಫೋನ್ ಮಾಡಿ ಬಾಯಿ ಸಿಹಿ ಮಾಡಿಕೊಳ್ಳೋಣ ಎಂದೆ.

ಮಲರ್ ವೈರು ಬಿಚ್ಚದೆಯೇ ಇಳಿದು ಬಂದಳು.

ಫೋನ್ ಮಾಡಬೇಡಿ ಎಂದಳು. ಸರವಣನ್ ಒಳ್ಳೆಯವನಂತೆ ಕಾಣುತ್ತಾನೆ, ಮಾತು ಮೃದು, ತನಗೂ ಇಷ್ಟವಾಗಿದ್ದಾನೆ. ಆದರೆ ಏನು ಕೇಳಿದರೂ ‘ನೋಡೋಣ’ ಎನ್ನುತ್ತಾನೆ. ಕಾರು ಮೂರನೇ ಸಲ ನಿಂತರೆ ಏನು ಮಾಡುತ್ತೀರಿ ಎಂದು ಫೋನಿನಲ್ಲಿ ಕೇಳಿದ್ದಕ್ಕೂ ನೋಡೋಣ ಎಂದನಂತೆ.

“ನೀವೇ ಸೊಲ್ಲಿದ್ರಲ್ಲ ಮೇಡಂ, ಕೆಟ್ಟದ್ದು ಇರುವಾಗ್ಲೇ ನೋಡ್ಬೇಕು ಅಂತ. ನಾಳೆ ಪೆಟ್ಟಿ ಹಂಗೇ ಇರ್ಲಿ.”

ನಾನು ಬೇಡವೆಂದೆ. ಕಾರಣ ಗೊತ್ತಿದ್ದೂ ಗ್ರಾಹಕರಿಗೆ ಹೇಳದಿರುವುದು ನನ್ನ ಕೆಲಸಕ್ಕೆ ಒಪ್ಪುವಂಥದ್ದಲ್ಲ. ನಾಳೆ ಅವನು ಎದ್ದು ಹೋದರೆ ನಿಶ್ಚಯ ಮುರಿಯುತ್ತದೆ, ಅಪ್ಪ ಕುಸಿದು ಹೋಗುತ್ತಾರೆ ಎಂದೂ ಹೇಳಿದೆ. ಎದ್ದು ಹೋಗುವವನಾದರೆ ನಾಳೆಯೇ ಹೋಗಲಿ ಎಂದಳು. ಒಂದು ದಿನ ಸುಮ್ಮನಿರುತ್ತೇನೆಂದು ಒಪ್ಪಿಕೊಂಡು, ಕೀ ತಾಗಿಸಿ ಕಾರು ತೆಗೆದು ತೇನಿಗೆ ಮುಟ್ಟಿಸಿದೆ. ಪರೀಕ್ಷೆ ನಡೆಯುತ್ತಿದೆ ಎಂದಷ್ಟೇ ವರ್ಕ್‌ಶಾಪಿನವರಿಗೆ ಹೇಳಿದೆ. ಅದು ಸುಳ್ಳಾಗಿರಲಿಲ್ಲ.

ಮರುದಿನ ಮುತ್ತಯ್ಯ ಗೌಂಡರು ಕರೆದಿದ್ದರಿಂದ ನಾನೂ ಹೋಗಿ ಹೆಂಗಸರ ಸಾಲಿನಲ್ಲಿ ಕೂತೆ. ಬೋಡಿಯಿಂದ ಕಾರು ಬಂತು, ಹಿಂದೆ ಒಂದು ವ್ಯಾನು. ಅಲ್ಲಿ ನಿಶ್ಚಯವೆಂದರೆ ಎರಡು ಕಡೆಯವರೂ ಹಣ್ಣು, ಹೂವು, ಸೀರೆ ಇಟ್ಟ ತಟ್ಟೆಗಳನ್ನು ಬದಲಾಯಿಸಿಕೊಳ್ಳುವುದು. ತಟ್ಟೆ ಕೈ ಬದಲಾದರೆ ಮಾತು ಆದಂತೆ. ನಾಗಮ್ಮನವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲು ಗಾಡಿ ಸ್ಟಾರ್ಟ್ ಮಾಡಿ ತೋರಿಸು, ಆಮೇಲೆ ತಟ್ಟೆ ಎಂದರು.

ಸರವಣನ್ ಹೋಗಿ ಕಾರಿನಲ್ಲಿ ಕೂತ. ಬಟನ್ ಒತ್ತಿದ. ಮತ್ತೆ ಒತ್ತಿದ. ನಾಗಮ್ಮನವರ ಕಣ್ಣು ತುಂಬಿತು. ಅವರು ತಟ್ಟೆ ಹಿಡಿದು ಎದ್ದರು, ವ್ಯಾನಿನವರೂ ಎದ್ದರು. ಮುತ್ತಯ್ಯ ಗೌಂಡರು ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಏನು ಮಾಡುವುದೆಂದು ತಿಳಿಯದೆ ನಿಂತರು. ನನಗೆ ಎದ್ದು ಎಲ್ಲ ಹೇಳಿಬಿಡೋಣ ಎನ್ನಿಸಿತು. ಮಲರ್ ಬಾಗಿಲ ಚೌಕಟ್ಟು ಹಿಡಿದು ಅವನನ್ನೇ ನೋಡುತ್ತಿದ್ದಳು, ಅವಳ ಮುಖದಲ್ಲಿ ರಕ್ತವಿರಲಿಲ್ಲ. ಅಷ್ಟು ಹೆದರಿಕೆಯಿದ್ದೂ ಅವಳು ಪೆಟ್ಟಿಗೆ ಬಿಚ್ಚಿರಲಿಲ್ಲವಲ್ಲ ಎಂದು ನಾನೂ ಕೂತಲ್ಲೇ ಕೂತೆ.

ಸರವಣನ್ ಕಾರಿನಿಂದ ಇಳಿದ. ಬೆವರು ಒರೆಸಿಕೊಂಡ. ಅತ್ತೆಯ ಹತ್ತಿರ ಬಂದು, ಕೇಳಿಯೂ ಕೇಳದಂಥ ದನಿಯಲ್ಲಿ ಹೇಳಿದ:

“ಅತ್ತೆ, ವಂಡಿ ನಾನು ಪಾತ್ತು ತಗೊಂಡದ್ದು. ಹೆಣ್ಣು ನೀವು ನೋಡಿ ಹೇಳಿದ್ದು. ಕೆಟ್ಟಿರೋದು ನಾನು ತಗೊಂಡದ್ದು. ಅದನ್ನ ಮಾರ್ಬಿಡ್ತೀನಿ. ನೀವು ತಟ್ಟೆ ಬದ್ಲಾಯ್ಸಿ.”

ನಾಗಮ್ಮನವರು ಅವನ ಮುಖವನ್ನು ನೋಡಿದರು. ಅವನು ಅವರಿಗೆ ಎದುರಾಡಿದ್ದು ಅದೇ ಮೊದಲಂತೆ, ಆಮೇಲೆ ತಿಳಿಯಿತು. ಎದುರಾಡಿದಂತೆಯೂ ಇರಲಿಲ್ಲ ಅದು, ಅವರ ಆಯ್ಕೆಯನ್ನೇ ಹೊಗಳಿದಂತಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಕೂತರು. ತಟ್ಟೆಗಳು ಕೈ ಬದಲಾದವು.

ಅದರ ನಂತರವೇ ಮಲರ್ ಹೊರಗೆ ಬಂದದ್ದು. ರೇಷ್ಮೆ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಅಪ್ಪ ಬೇಡವೆಂದು ಕೂಗುತ್ತಿದ್ದಂತೆಯೇ ಪೆಟ್ಟಿಗೆ ಕಿತ್ತು ತಂದು ಸರವಣನ್ ಕೈಗಿಟ್ಟು, ಈಗ ಒತ್ತಿ ನೋಡಿ ಎಂದಳು. ಕಾರು ಸ್ಟಾರ್ಟ್ ಆಯಿತು. ಗಲಾಟೆಯೋ ಗಲಾಟೆ. ನಾನು ಕಾರಣ ವಿವರಿಸಿದೆ, ಕೀಯನ್ನು ಬಟನ್‌ಗೆ ತಾಗಿಸುವುದನ್ನೂ ತೋರಿಸಿದೆ. ನಾಗಮ್ಮನವರು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ಸಣ್ಣದಕ್ಕೆ ಇಷ್ಟು ಬಾಯಿಯೇ ಎಂದು ಬೈದರು. ಆಗ ಸರವಣನ್‌ಗೆ ಏನೋ ಹೊಳೆಯಿತು. ಅವನು ನನ್ನನ್ನು ನೋಡಿದ, ಮಲರ್‌ಳನ್ನು ನೋಡಿದ. ಇದು ನಿನ್ನೆಯೇ ಗೊತ್ತಿತ್ತೇ ಎಂದು ಕೇಳಿದ. ಅವನ ಕಿವಿ ಕೆಂಪಾಗಿತ್ತು.

“ವಂಡೀದು ನಿನ್ನೆನೇ ಗೊತ್ತಿತ್ತು” ಎಂದಳು ಮಲರ್. “ನಿಮ್ಮದು ಗೊತ್ತಿರ್ಲಿಲ್ಲ.”

ಅವನು ಸಿಟ್ಟಾಗಬೇಕೋ ಬೇಡವೋ ತಿಳಿಯದೆ ನೆಲ ನೋಡಿಕೊಂಡು ನಕ್ಕ.

ದೋಷ ಗಾಡಿಯದಲ್ಲ, ಹೊರಗಿನದು ಎಂದು ಕಂಪನಿಗೆ ಬರೆದು ಕೇಸು ಮುಗಿಸಿದೆ. ಕೀಯಿಂದ ಕಾರು ಲಾಕ್ ಆಗದಿದ್ದರೆ ಅದೇ ಮೊದಲ ಸೂಚನೆ, ಕ್ರೇನ್ ಕರೆಸುವ ಮುನ್ನ ಕೀ ತಾಗಿಸಿ ನೋಡಿ ಎಂದು ಆಮೇಲೆ ಎಲ್ಲ ಮಾಲೀಕರಿಗೂ ಹೇಳುತ್ತಿದ್ದೆ. ಆದರೆ ಆ ಕೇಸು ನನಗೆ ಕಲಿಸಿದ್ದು ಬೇರೆ. ಕೆಟ್ಟ ಪಾರ್ಟನ್ನು ಮರಳಿ ಹಾಕಿ ನೋಡುವುದನ್ನು ನಾನು ವರ್ಷಗಟ್ಟಲೆ ಮಾಡಿದ್ದೆ, ಅದಕ್ಕೆ ಕೈಚಳಕ ಸಾಕು ಎಂದುಕೊಂಡಿದ್ದೆ. ಏನೂ ಕೆಡದಿರುವಾಗ ಎಲ್ಲ ಗಾಡಿಗಳೂ ಎಲ್ಲ ಮನುಷ್ಯರೂ ಚೆನ್ನಾಗಿಯೇ ಇರುತ್ತಾರೆ. ಕೆಟ್ಟಾಗ ಹೇಗಿರುತ್ತಾರೆ ಎಂದು ನಿಂತು ನೋಡಲು ಧೈರ್ಯ ಬೇಕು. ಕಾರಿನ ಮಟ್ಟಿಗೆ ಆ ಧೈರ್ಯ ನನಗಿತ್ತು. ಆ ಹುಡುಗಿ ಅದನ್ನು ತನ್ನ ಇಡೀ ಬಾಳಿನ ಮೇಲೆ ಪ್ರಯೋಗಿಸಿದಳು, ಹೆದರಿಕೆಯಿದ್ದರೂ ಬಾಗಿಲು ಬಿಟ್ಟು ಕದಲಲಿಲ್ಲ.