ಬೆಳಿಗ್ಗೆ ಹೊತ್ತಿಕೊಳ್ಳದ ಸ್ಟೋವ್

ಮೊನ್ನೆ ಪಕ್ಕದ ಫ್ಲ್ಯಾಟಿನಲ್ಲಿ ಬಣ್ಣ ಬಳಿಯುವವರು ಬ್ರಶ್ ತೊಳೆಯಲೆಂದು ಡಬ್ಬವೊಂದರಲ್ಲಿ ಸೀಮೆಎಣ್ಣೆ ತಂದಿಟ್ಟಿದ್ದರು. ಬಾಗಿಲ ಸಂದಿಯಿಂದ ಅದರ ವಾಸನೆ ನುಸುಳಿ ಬಂದಾಗ ನಾನು ಘಣಸೋಲಿಯ ಈ ಏಳನೇ ಮಹಡಿಯಲ್ಲಿ, ಪೈಪಿನಲ್ಲಿ ಬರುವ ಗ್ಯಾಸಿನ ಮುಂದೆ ಹಾಲು ಕಾಯಿಸುತ್ತ ನಿಂತಿದ್ದೆ. ಮೂಗಿಗೆ ಎಂಥ ನೆನಪಿನ ಶಕ್ತಿ ನೋಡಿ, ಮನುಷ್ಯರ ಹೆಸರು ಮರೆತರೂ ಅದು ಏನನ್ನೂ ಮರೆಯುವುದಿಲ್ಲ. ಠಾಣೆಯ ಪಕ್ಕದ ಕಳವಾ ಎಂಬಲ್ಲಿ ನಾವಿದ್ದ ಆ ಚಾಳಿನ ಕೋಣೆ, ತಗಡಿನ ಮಾಡು, ಗೋಡೆಗೆ ಒರಗಿಸಿಟ್ಟ, ಇಡ್ಲಿ ಬೇಯಿಸುವ ಅಟ್ಟದ ಪಾತ್ರೆ, ಮೊಣಕಾಲೂರಿ ಕುಳಿತು ಸ್ಟೋವಿಗೆ ಪಂಪು ಹೊಡೆಯುತ್ತಿದ್ದ ಅಮ್ಮನ ಬೆನ್ನು, ಎಲ್ಲ ಒಟ್ಟಿಗೆ ಬಂದು ನಿಂತವು. ಹಾಲು ಉಕ್ಕಿ ಕಟ್ಟೆಯ ತುಂಬ ಹರಿಯಿತು. ಒಳಗಿನಿಂದ ಅಮ್ಮ, "ಎಂತ ಮಾರಾಯ್ತಿ, ಹಾಲಿನ ಮುಂದೆ ನಿಂತವಳು ಹಾಲು ನೋಡುದಲ್ವಾ?" ಎಂದು ಕೂಗಿದಳು. ಅವಳಿಗೂ ಆ ವಾಸನೆ ಬಂದಿತ್ತೆಂದು ಆಮೇಲೆ ಗೊತ್ತಾಯಿತು.

ಎರಡು ಸಾವಿರದ ದಶಕದ ಮೊದಲ ವರ್ಷಗಳು ಅವು. ನಮ್ಮ ಊರು ಉಡುಪಿಯ ಕಡೆ. ಅಪ್ಪ ಠಾಣೆಯ ಹೋಟೆಲೊಂದರಲ್ಲಿ ಅಡುಗೆಯವರು. ಹೊತ್ತು ಮೂಡುವ ಮೊದಲೇ ಹೋಟೆಲಿನ ಒಲೆ ಹೊತ್ತಬೇಕಾದ್ದರಿಂದ ರಾತ್ರಿ ಅಲ್ಲೇ ಅಟ್ಟದ ಮೇಲೆ ಮಲಗುತ್ತಿದ್ದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಹಾ ಶುರುವಾಗುವ ನಡುವಿನ ಹೊತ್ತಿನಲ್ಲಿ ಕೊಲ್ಲಿಯ ಸೇತುವೆ ದಾಟಿ ಮನೆಗೆ ಬರುತ್ತಿದ್ದರು. ಅವರ ಜೊತೆ ಕೆಲಸ ಮಾಡುವವರೆಲ್ಲ ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟವರು. ನನ್ನ ಚಿಕ್ಕಪ್ಪನ ಮಕ್ಕಳಿಗೆ ಅಪ್ಪ ಎಂದರೆ ಮೇ ತಿಂಗಳಲ್ಲಿ ಬರುವ ನೆಂಟ, ಬರುವಾಗ ಬಿಸ್ಕತ್ತು, ಹೋಗುವಾಗ ಅಳು. ನನಗೆ ಹಾಗಾಗಬಾರದು ಎಂದು ಹಠ ಹಿಡಿದು ಕಳವಾ ಊರಿನಲ್ಲಿ ಕೋಣೆ ಮಾಡಿಸಿದವಳು ಅಮ್ಮ. ಬಾಡಿಗೆಗೆ ಅಪ್ಪನ ಸಂಬಳ ಸಾಲದು ಎಂದಾಗ, "ನಿಮಗೆ ಮಾತ್ರವಾ ಇಡ್ಲಿ ಮಾಡ್ಲಿಕ್ಕೆ ಬರುದು?" ಎಂದವಳೂ ಅವಳೇ. ಇವರಿಬ್ಬರದು ಜಗಳವೆಲ್ಲ ತುಳುವಿನಲ್ಲಿ, ರಾಜಿಯೆಲ್ಲ ಕನ್ನಡದಲ್ಲಿ. ಈ ಮಾತು ಕನ್ನಡದಲ್ಲಿ ಬಂದದ್ದರಿಂದ ಅಪ್ಪ ಒಪ್ಪಿದ್ದರು ಎಂದು ಕಾಣುತ್ತದೆ.

ಹಾಗೆ ನಮ್ಮ ಮನೆಯ ಇಡ್ಲಿ ಶುರುವಾಯಿತು. ತಿನ್ನುವವರು ನಮ್ಮ ಸಾಲಿನ ಕೊನೆಯ ಕೋಣೆಯಲ್ಲಿ ಒಟ್ಟಿಗೆ ಇದ್ದ ಕಲಬುರಗಿ ಕಡೆಯ ಕೂಲಿಗಳು. ತುರ್ಭೆಯ ಗೋದಾಮುಗಳಲ್ಲಿ ಮೂಟೆ ಹೊರುವ ಕೆಲಸ ಅವರದು. ಬೆಳಗಾಗುವಾಗ ಗಲ್ಲಿಯ ಬಾಯಿಗೆ ಟೆಂಪೋ ಬಂದು ಹಾರ್ನ್ ಹೊಡೆಯುತ್ತಿತ್ತು, ಅದು ಯಾರಪ್ಪನಿಗೂ ಕಾಯುತ್ತಿರಲಿಲ್ಲ. ಅಷ್ಟರೊಳಗೆ ಇಡ್ಲಿ ಬೆಂದಿರಬೇಕು, ಚಟ್ನಿ ಆಗಿರಬೇಕು. ಗ್ಯಾಸಿನ ಕನೆಕ್ಷನ್‌ಗೆ ಬೇಕಾದ ಕಾಗದಪತ್ರ ನಮ್ಮ ಹತ್ತಿರ ಇರಲಿಲ್ಲ. ಹೋಟೆಲಿನವರು ಮೂಲೆಗೆ ಹಾಕಿದ್ದ ದೊಡ್ಡ ಹಿತ್ತಾಳೆ ಸ್ಟೋವನ್ನು ಅಪ್ಪ ಹೆಗಲ ಮೇಲೆ ಹೊತ್ತು ತಂದಿದ್ದರು. ಬರ್ನರಿನ ಕೆಳಗಿನ ಬಟ್ಟಲಿಗೆ ಒಂದಿಷ್ಟು ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟು, ಬರ್ನರು ಕಾದ ಮೇಲೆ ಪಂಪು ಹೊಡೆದರೆ, ಹಳದಿ ಜ್ವಾಲೆ ಒಮ್ಮೆ ತಡವರಿಸಿ, ಆಮೇಲೆ ಬುಸ್ಸೆಂದು ನೀಲಿಯಾಗಿ ಎದ್ದು ನಿಲ್ಲುತ್ತಿತ್ತು. ಆ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಕಣ್ಣು ಬಿಡದೆ ಚಾದರದೊಳಗೆ ಮಲಗಿ ಕೇಳುತ್ತಿದ್ದೆ, ಮನೆ ಸರಿಯಾಗಿದೆ ಎಂದು ಸಮಾಧಾನವಾಗುತ್ತಿತ್ತು.

ಒಂದು ವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಆ ಸದ್ದು ಬರಲಿಲ್ಲ. ಎದ್ದು ನೋಡಿದರೆ ಸ್ಟೋವಿನ ಮೇಲೆ ಹಳದಿ ಜ್ವಾಲೆ ಸೋಮಾರಿಯಂತೆ ತೂಗಾಡುತ್ತಿತ್ತು, ಕೋಣೆಯ ತುಂಬ ಮಸಿ ಹೊಗೆ. ಅಮ್ಮ ಪಂಪು ಹೊಡೆದೇ ಹೊಡೆದಳು. ಹಿಡಿ ಕೈಗೆ ಗಟ್ಟಿಯಾಗಿ ಸಿಗುತ್ತಿತ್ತು, ಹಾಗಾಗಿ ಗಾಳಿ ತುಂಬಿದೆ, ಬರ್ನರೇ ಕಟ್ಟಿದೆ ಎಂದು ಅವಳ ಲೆಕ್ಕ. ಪಿನ್ನು ತೆಗೆದು ಬರ್ನರಿನ ತೂತನ್ನು ಚುಚ್ಚಿದಳು. ಅಷ್ಟರಲ್ಲಿ ಟೆಂಪೋ ಹಾರ್ನ್ ಕೇಳಿಸಿತು. ಕೂಲಿಗಳಲ್ಲಿ ಹಿರಿಯನಾದ ಶರಣಪ್ಪ ಬಾಗಿಲಿಗೆ ಬಂದು ಹಬೆಯಿಲ್ಲದ ಇಡ್ಲಿ ಅಟ್ಟವನ್ನು ನೋಡಿದ. "ಇರ್ಲಿ ಬಿಡ್ರೀ ಯಕ್ಕಾ, ಒಂದಿನ ವಡಾಪಾವ್ ತಿಂದ್ರ ಸಾಯಂಗಿಲ್ಲ ನಾವು" ಎಂದು ನಗುತ್ತ ಓಡಿದ. ಅಮ್ಮ ನಗಲಿಲ್ಲ, ಮಸಿ ಹಿಡಿದ ಕೈಯಲ್ಲೇ ಮುಖ ಒರೆಸಿಕೊಂಡಳು.

ಮಧ್ಯಾಹ್ನ ಅಪ್ಪ ಬಂದು ಹಚ್ಚಿದರು. ಬುಸ್ಸ್! ನೀಲಿ ಜ್ವಾಲೆ, ಮದುಮಗನ ಹಾಗೆ ನೆಟ್ಟಗೆ. "ಇದಕ್ಕೆಂತ ಆಗಿದೆ? ಸರಿಯೇ ಉಂಟಲ್ಲ!" ಎಂದರು ಅಪ್ಪ. ಮರುದಿನ ಬೆಳಿಗ್ಗೆ ಮತ್ತೆ ಅದೇ ಹೊಗೆ, ಅದೇ ಹಾರ್ನ್. ಅಮ್ಮ ಬರ್ನರನ್ನು ಬಿಚ್ಚಿ ಪಕ್ಕದ ಮನೆಯ ಇದ್ದಿಲ ಒಲೆಯಲ್ಲಿ ಕೆಂಪಗೆ ಕಾಯಿಸಿ, ಕಲ್ಲಿನ ಮೇಲೆ ತಟ್ಟಿ ತಟ್ಟಿ ಒಳಗಿನ ಕರಿ ಉದುರಿಸಿದಳು. ಎಣ್ಣೆಯಲ್ಲಿ ನೀರು ಬೆರೆತಿದೆಯೇನೋ ಎಂದು ಹಳೆಯ ಪಂಚೆಯಲ್ಲಿ ಸೋಸಿದಳು. ಸ್ಟೇಷನ್ ರೋಡಿನ ಸ್ಟೋವ್ ರಿಪೇರಿಯವನ ಹತ್ತಿರ ಹೊತ್ತುಕೊಂಡು ಹೋದೆವು. ಅವನು "ಭಾಬಿ, ಬರ್ನರ್ ಗಯಾ" ಎಂದು ಹೊಸ ಬರ್ನರು ಕೂರಿಸಿ, ರಣಬಿಸಿಲಿನಲ್ಲಿ ಹಚ್ಚಿ ತೋರಿಸಿ ಮೀಸೆ ತಿರುವಿದ. ಮರುದಿನ ಬೆಳಿಗ್ಗೆ ಹೊಸ ಬರ್ನರಿನಿಂದ ಹೊಸ ಹೊಗೆ ಬಂತು. ಕರ್ಮ! ಅದಕ್ಕೆ ಅಮ್ಮನ ಮೇಲೆಯೇ ಹಗೆ ಇದ್ದ ಹಾಗಿತ್ತು.

ಕೂಲಿಗಳು ಪಾಪ, ಏನೂ ಅನ್ನಲಿಲ್ಲ. ಆದರೆ ಹೊಟ್ಟೆ ಎಷ್ಟು ದಿನ ಮರ್ಯಾದೆ ನೋಡುತ್ತದೆ? ಗಲ್ಲಿಯ ಬಾಯಲ್ಲಿ ಒಬ್ಬ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ಮಾರುವವನು ಬಂದು ಕೂರತೊಡಗಿದ್ದ. ಒಂದು ಮಧ್ಯಾಹ್ನ ಅಪ್ಪ ಊಟದ ತಟ್ಟೆ ಸರಿಸಿ, ಕನ್ನಡದಲ್ಲಿ, ಬಹಳ ಮೆತ್ತಗೆ ಹೇಳಿದರು: "ನೀನು ಸೋತು ಹೋಗಿದ್ದೀ. ಕೈ ನೋಡು, ಬೊಕ್ಕೆ ಎದ್ದಿದೆ. ಇವಳ ಪರೀಕ್ಷೆ ಮುಗೀಲಿ. ನೀವಿಬ್ರೂ ಊರಿಗೆ ಹೋಗಿ. ನಾನು ಹೋಟ್ಲಲ್ಲಿ ಹೇಗೋ ಇರ್ತೇನೆ, ಮೊದ್ಲೂ ಇದ್ದವನಲ್ವಾ?" ಬೈದಿದ್ದರೆ ಅಮ್ಮ ತಿರುಗಿ ಬೈಯುತ್ತಿದ್ದಳು. ಇಷ್ಟು ಮೆತ್ತಗೆ ಹೇಳಿದ್ದಕ್ಕೆ ಅವಳು ಅಪ್ಪ ಸರಿಸಿದ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು. ನಾನು ಪುಸ್ತಕ ಬಿಡಿಸಿಕೊಂಡು ಓದುವ ನಾಟಕ ಮಾಡುತ್ತಿದ್ದೆ, ಒಂದಕ್ಷರವೂ ಕಾಣುತ್ತಿರಲಿಲ್ಲ. ಮೇ ತಿಂಗಳ ನೆಂಟ, ಮೇ ತಿಂಗಳ ನೆಂಟ ಎಂದು ತಲೆಯೊಳಗೆ ಸುತ್ತುತ್ತಿತ್ತು. ಅಪ್ಪ ಹೊರಡುವಾಗ ಅವರ ಅಂಗಿಯ ಚುಂಗು ಹಿಡಿದು ಗಲ್ಲಿಯ ತುದಿಯವರೆಗೆ ಹೋಗಿ ಬಂದೆ.

ಮರುದಿನ ಬೆಳಿಗ್ಗೆಯೂ ಇಡ್ಲಿ ಬೇಯಲಿಲ್ಲ. ಟೆಂಪೋ ಹೋದ ಮೇಲೆ ಅಮ್ಮ ನನ್ನನ್ನು ಹೊಸ್ತಿಲ ಮೇಲೆ ಕೂರಿಸಿಕೊಂಡು ಶಾಲೆಗೆ ಜಡೆ ಹೆಣೆಯತೊಡಗಿದಳು. ನಮ್ಮ ಮನೆಯಲ್ಲಿ ತಲೆಗೆ, ಮೈಗೆ, ದೋಸೆಗೆ, ಬಾಗಿಲ ತಿರುಗಣಿಗೆ, ಎಲ್ಲಕ್ಕೂ ಊರಿಂದ ಕ್ಯಾನಿನಲ್ಲಿ ಬರುವ ತೆಂಗಿನೆಣ್ಣೆಯೇ. ಬೇರೆ ಎಣ್ಣೆಯೂ ಎಣ್ಣೆ ಎಂದು ನಮ್ಮವರು ಒಪ್ಪಿದ್ದೇ ಇಲ್ಲ. ಚಳಿಯಲ್ಲಿ ಅದು ಹೆಪ್ಪುಗಟ್ಟಿದರೆ ಅಮ್ಮ ಬಾಟಲಿಯನ್ನು ಉರಿಯುವ ಸ್ಟೋವಿನ ಬದಿಯಲ್ಲಿ ಇಡುತ್ತಿದ್ದಳು, ಇಡ್ಲಿ ಬೇಯುವುದರೊಳಗೆ ಕರಗಿರುತ್ತಿತ್ತು. ಈಗ ಸ್ಟೋವೇ ಉರಿಯುವುದಿಲ್ಲವಲ್ಲ! ಒಂದು ಜಡೆ ಹೇಗೋ ಆಯಿತು. ಎರಡನೆಯದಕ್ಕೆ ಎಣ್ಣೆ ಬೇಕೆಂದು ಬಾಟಲಿ ಬಗ್ಗಿಸಿದಳು, ಬೀಳಲಿಲ್ಲ. ಕುಟ್ಟಿದಳು, ಬೀಳಲಿಲ್ಲ. ಬಾಚಣಿಗೆಯ ಹಿಡಿಯಿಂದ ಕೆದಕಿ, ಬೆರಳ ತುದಿಗೆ ಬಂದ ಬಿಳಿ ಮುದ್ದೆಯನ್ನು ನೋಡುತ್ತ ಬಾಚುವುದನ್ನು ನಿಲ್ಲಿಸಿದಳು. ನಾನು ತಿರುಗಿ ನೋಡಿದೆ. ಅವಳು ಸ್ಟೋವನ್ನು ನೋಡುತ್ತಿದ್ದಳು.

"ಅಯ್ಯೋ ನನ್ನ ದೇವರೇ" ಎಂದು ಎದ್ದಳು. ನನ್ನ ಅರ್ಧ ತಲೆ ಹಾಗೇ ಕೆದರಿಕೊಂಡಿತ್ತು. ಪಂಪಿನ ಸರಳನ್ನು ಹೊರಗೆಳೆದು, ಉದ್ದನೆಯ ಸ್ಕ್ರೂಡ್ರೈವರು ಹಾಕಿ, ನಾಲಿಗೆ ಕಚ್ಚಿಕೊಂಡು, ಕೊಳವೆಯ ತಳದಲ್ಲಿದ್ದ ಪುಟ್ಟ ವಾಲ್ವನ್ನು ಬಿಚ್ಚಿ ತೆಗೆದಳು. ಅದರ ಬಾಯಿಗೆ ಬೆಣ್ಣೆ ಮೆತ್ತಿದಂತೆ ಬಿಳಿ ಎಣ್ಣೆ ಕಟ್ಟಿಕೊಂಡಿತ್ತು. ಗಾಳಿ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಹಿಡಿ ಗಟ್ಟಿಯಾಗಿ ಸಿಗುತ್ತಿದ್ದದ್ದು ಗಾಳಿ ತುಂಬಿ ಅಲ್ಲ, ಈ ಬಿರಡೆಯಿಂದ. ಮಧ್ಯಾಹ್ನ ತಗಡಿನ ಮಾಡು ಕಾದು ಎಣ್ಣೆ ಕರಗಿದ ಮೇಲೆ ಸ್ಟೋವು ಸಾಧುವಾಗುತ್ತಿತ್ತು. ಆ ಎಣ್ಣೆ ಹಾಕಿದ್ದು ಅಪ್ಪ. ಚಳಿ ಶುರುವಾಗುವಾಗ, ಪಂಪು ಹೊಡೆದು ಅಮ್ಮನ ಅಂಗೈ ನೋಯುತ್ತದೆ ಎಂದು, ಚರ್ಮದ ವಾಷರು ನುಣ್ಣಗೆ ಓಡಾಡಲಿ ಎಂದು, ರಜೆಯ ದಿನ ಕೂತು ಒಳ್ಳೆ ಅಭ್ಯಂಜನ ಮಾಡಿಸುವವರಂತೆ ಕೊಳವೆಗೆ ಸುರಿದಿದ್ದರು. ಅಮ್ಮ ಆ ಬಿಳಿ ಮುದ್ದೆಯನ್ನು ಡಬ್ಬಿಯ ಮುಚ್ಚಳವೊಂದಕ್ಕೆ ತೆಗೆದಿಟ್ಟಳು. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಪಕ್ಕದ ಮನೆಯ ಹೊಲಿಗೆ ಯಂತ್ರದ ಎಣ್ಣೆಯನ್ನು ವಾಷರಿಗೆ ಸವರಿ, ಮತ್ತೆ ಜೋಡಿಸಿ ಹಚ್ಚಿದಳು. ಬುಸ್ಸೆಂದಿತು. ಅಮ್ಮ ಅದರ ಮುಂದೆ ಕೂತು ಗೊಳೋ ಎಂದು ಅತ್ತಳು. ನಾನು ಒಂದೇ ಜಡೆಯಲ್ಲಿ ಶಾಲೆಗೆ ಹೋದೆ, ಹುಡುಗಿಯರು ನಕ್ಕರು, ನನಗೇನೂ ಅನ್ನಿಸಲಿಲ್ಲ.

ತಮಾಷೆಯೆಂದರೆ, ಅಪ್ಪ ಬರುವ ಹೊತ್ತಿಗೆ ಸಾಕ್ಷಿ ಕರಗಿ ಹೋಗಿತ್ತು! ಅಮ್ಮ ಮುಚ್ಚಳ ಮುಂದೆ ಹಿಡಿದರೆ ಅದರಲ್ಲಿ ತಿಳಿ ಎಣ್ಣೆ. "ಇದು ನಮ್ಮ ಊರಿನ ಎಣ್ಣೆ. ಇದರಿಂದೆಂತ ಆಗ್ಲಿಕ್ಕುಂಟು?" ಎಂದರು ಅಪ್ಪ, ಸ್ವಲ್ಪ ಅಭಿಮಾನದಿಂದಲೇ. ಅಮ್ಮ ವಾದ ಮಾಡಲಿಲ್ಲ. "ಒಂದು ಬೆಳಿಗ್ಗೆ ಇಲ್ಲಿ ಇದ್ದು ನೋಡಿ. ಆಮೇಲೆ ಊರಿಗೆ ಹೋಗು ಅಂದ್ರೆ ಹೋಗ್ತೇನೆ" ಎಂದಳು. ಅಪ್ಪ ಹೋಟೆಲಿಗೆ ಹೇಳಿ ಕಳಿಸಿ ಉಳಿದುಕೊಂಡರು. ನಾವು ಮೂವರೂ ಆ ಕೋಣೆಯಲ್ಲಿ ಒಟ್ಟಿಗೆ ಎದ್ದ ಬೆಳಗುಗಳು ಕಡಿಮೆ, ಅದಕ್ಕೇ ಇರಬೇಕು, ಅದು ಇಷ್ಟು ಚೆನ್ನಾಗಿ ನೆನಪಿದೆ. ಕಿಟಕಿಯಲ್ಲಿಟ್ಟ ಮುಚ್ಚಳದಲ್ಲಿ ಎಣ್ಣೆ ಮತ್ತೆ ಬೆಳ್ಳಗೆ ಕಟ್ಟಿತ್ತು. ಅಪ್ಪ ಬೆರಳಿಂದ ಒತ್ತಿ ನೋಡಿದರು. ಆಮೇಲೆ ಅಮ್ಮನ ಬೊಕ್ಕೆ ಎದ್ದ ಅಂಗೈ ನೋಡಿದರು. "ನಾನೇ ಹಾಕಿದ್ದಲ್ವಾ ಮಾರಾಯ್ತಿ" ಎಂದರು, ಧ್ವನಿ ಸಣ್ಣದಾಗಿತ್ತು. "ನನ್ನ ಕೈ ನೋವಾಗ್ಬಾರ್ದು ಅಂತ ಹಾಕಿದ್ದು, ಗೊತ್ತುಂಟು" ಎಂದಳು ಅಮ್ಮ. ಅಂದಿನ ಇಡ್ಲಿಯನ್ನು ಹಾರ್ನ್ ಆಗುವ ಮೊದಲೇ ಅಪ್ಪನೇ ಶರಣಪ್ಪನ ಕೋಣೆಗೆ ಹೊತ್ತುಕೊಂಡು ಹೋದರು. "ಬರ್ರೀ ಸಾವ್ಕಾರ್ರ, ನಿಮ್ ಒಲಿ ಸಿಟ್ ಇಳೀತೇನ್ರಿ?" ಎಂಬ ಶರಣಪ್ಪನ ಮಾತು, ಅದರ ಹಿಂದೆ ಎಲ್ಲರ ನಗು, ನಮ್ಮ ಬಾಗಿಲವರೆಗೂ ಕೇಳಿಸಿತು. ಊರಿಗೆ ಹೋಗುವ ಮಾತನ್ನು ಅಪ್ಪ ಮತ್ತೆಂದೂ ಎತ್ತಲಿಲ್ಲ.

ಅಲ್ಲಿಂದ ಮುಂದೆ ಚಳಿಗಾಲದಲ್ಲಿ ರಜೆ ಸಿಕ್ಕಿ ಮನೆಯಲ್ಲಿ ಉಳಿದ ದಿನಗಳಲ್ಲೆಲ್ಲ ಅಪ್ಪ ಒಂದು ಕೆಲಸ ಮಾಡುತ್ತಿದ್ದರು. ಅಮ್ಮನಿಗಿಂತ ಮೊದಲೇ ಎದ್ದು, ಪಂಪಿನ ಕೊಳವೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡುತ್ತ ಕೂರುತ್ತಿದ್ದರು. ಅದರಲ್ಲಿ ತೆಂಗಿನೆಣ್ಣೆ ಇರಲೇ ಇಲ್ಲ, ಅದು ಅವರಿಗೂ ಗೊತ್ತಿತ್ತು. ಬೇಡವೆಂದು ಅಮ್ಮ ಹೇಳಿದವಳಲ್ಲ. ನನಗೆ ಆ ಅಪ್ಪನ ಮೇಲೆ ಆಗ ಉಕ್ಕುತ್ತಿದ್ದ ಪ್ರೀತಿಯನ್ನು ಈಗಲೂ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ಈಗ ಆ ಚಾಳು ಇಲ್ಲ, ಅಲ್ಲಿ ಎತ್ತರದ ಕಟ್ಟಡ ಎದ್ದಿದೆ. ಶರಣಪ್ಪ ಮಗಳ ಮದುವೆಗೆಂದು ಊರಿಗೆ ಹೋದವನು ಮತ್ತೆ ಬರಲಿಲ್ಲ. ರೇಷನ್ನಿನ ಸೀಮೆಎಣ್ಣೆ ನಿಂತುಹೋಯಿತು, ಸ್ಟೋವು ಗುಜರಿಯವನ ಗಾಡಿ ಹತ್ತಿತು. ಅಪ್ಪ ಹೋಗಿಯೂ ಕೆಲವು ಚಳಿಗಾಲ ಕಳೆದವು. ಹೋಟೆಲು ಬಿಟ್ಟು ಕೊನೆಯ ವರ್ಷಗಳನ್ನು ಈ ಮನೆಯಲ್ಲಿ ನಮ್ಮ ಜೊತೆಗೇ ಕಳೆದರು ಎಂಬುದೊಂದೇ ಸಮಾಧಾನ.

ಹಾಲು ಉಕ್ಕಿದ ಆ ಬೆಳಿಗ್ಗೆ ಕಟ್ಟೆ ಒರೆಸಿ, ಅಮ್ಮನ ತಲೆ ಬಾಚಲು ಕೂತೆ. ಈಗ ಅವಳ ಜಡೆ ಹೆಣೆಯುವವಳು ನಾನು. ಕೂದಲು ಒಂದು ಹಿಡಿಯೂ ಇಲ್ಲ. ಎಣ್ಣೆ ಬಾಟಲಿ ಬಗ್ಗಿಸಿದೆ, ಬೀಳಲಿಲ್ಲ. ಗ್ಯಾಸಿನ ಬಳಿ ಇಟ್ಟು ಬರೋಣವೆಂದು ಏಳಹೊರಟವಳು, ಯಾಕೋ ಏಳದೆ, ಬಾಟಲಿಯನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡೆ. ಅಮ್ಮ ಹಿಂದೆ ತಿರುಗಿ ನನ್ನ ಕೈಗಳನ್ನು ಬಹಳ ಹೊತ್ತು ನೋಡಿದಳು. ಪಕ್ಕದ ಮನೆಯ ಸೀಮೆಎಣ್ಣೆಯ ವಾಸನೆ ಇನ್ನೂ ಬರುತ್ತಿತ್ತು.

"ಬೇಗ ಕರಗ್ಲಿಕ್ಕಿಲ್ಲ ಅಮ್ಮಾ" ಎಂದೆ.

"ಹಿಡ್ಕೊಂಡೇ ಇರು ಮಗಾ" ಎಂದಳು ಅಮ್ಮ. "ಈಗ ಯಾವ ಟೆಂಪೋ ಬರ್ಲಿಕ್ಕುಂಟು?"