ಹುಣಸೆಹುಳಿಯಲ್ಲಿ ಬೆಳಗಿದ ಕ್ಯಾಮೆರಾ

ಮೊನ್ನೆ ಪಕ್ಕದ ಮನೆಯ ಹುಡುಗಿ ಒಂದು ಹಳೆಯ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಮ್ಮ ಜಗಲಿಗೆ ಬಂದಳು. ಗುಜರಿ ಅಂಗಡಿಯಲ್ಲಿ ಸಿಕ್ಕಿತಂತೆ. ಮರದ ಪೆಟ್ಟಿಗೆ, ನೆರಿಗೆ ನೆರಿಗೆಯಾದ ತೊಗಲು, ಮುಂದೆ ಕಪ್ಪಿಟ್ಟ ಹಿತ್ತಾಳೆಯ ಮೂತಿ. "ಅಜ್ಜಿ, ಇದನ್ನು ಸ್ವಲ್ಪ ಹುಣಸೆಹುಳಿ ಹಾಕಿ ಉಜ್ಜಿದ್ರೆ ಆಗ್ತದಲ್ವಾ? ನಮ್ಮ ದೀಪ ಎಲ್ಲ ಹಾಗೇ ಬೆಳಗುವುದು" ಎಂದಳು.

"ಮುಟ್ಟಬೇಡ" ಎಂದು ನಾನು ಹೇಳಿದ ರೀತಿಗೆ ಆ ಪಾಪದ ಮಗು ಕ್ಯಾಮೆರಾವನ್ನು ಬೆಂಚಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿತು. ಇಷ್ಟು ವಯಸ್ಸಾದ ಮೇಲೂ ಹುಣಸೆಹುಳಿಯ ಹೆಸರು ಕೇಳಿ ಬೆವರುವ ಹೆಂಗಸು ಮಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಯಾಕೆಂದು ಕೇಳುವಷ್ಟು ಪುರುಸೊತ್ತು ನಿಮಗಿದ್ದರೆ ಹೇಳುತ್ತೇನೆ.

ನಾನು ವಾಮಂಜೂರಿನ ಗದ್ದೆಯ ಮನೆಯವಳು. ನಮ್ಮಲ್ಲಿ ಹಬ್ಬ ಬಂತೆಂದರೆ ಹೆಣ್ಣುಮಕ್ಕಳ ಪಾಲಿಗೆ ಬರುವುದು ಹಿತ್ತಾಳೆ. ದೀಪ, ಚೆಂಬು, ಹರಿವಾಣ, ಎಲ್ಲವನ್ನೂ ಹುಳಿ ಮತ್ತು ಬೂದಿ ಹಾಕಿ ತೆಂಗಿನ ನಾರಿನಿಂದ ಉಜ್ಜಿ, ಮುಖ ಕಾಣುವ ಹಾಗೆ ಮಾಡಿ ಬಿಸಿಲಿಗಿಡಬೇಕು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಅಜ್ಜಿ ನೆಂಟರೆದುರು ಹೊಗಳುತ್ತಿದ್ದರು. ಅದೊಂದೇ ಹೊಗಳಿಕೆಯನ್ನು ಗಂಟು ಕಟ್ಟಿಕೊಂಡು ನಾನು ಕಂಕನಾಡಿಗೆ ಮದುವೆಯಾಗಿ ಬಂದದ್ದು.

ಯುದ್ಧದ ಕಾಲ ಅದು. ನನ್ನ ಗಂಡ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಮಾವ ಫೋಟೋ ತೆಗೆಯುವವರು. ಅತ್ತೆ ತೀರಿಹೋಗಿ ಮೂರು ವರ್ಷವಾಗಿತ್ತು. ಆ ಮನೆಯಲ್ಲಿ ಏನು ಮಾಡಬಾರದು ಎಂದು ಹೇಳಿಕೊಡುವ ಹೆಂಗಸರು ಒಬ್ಬರೂ ಇರಲಿಲ್ಲ. ಮಾವನ ಹತ್ತಿರ ನಾನಿನ್ನೂ ನೆಟ್ಟಗೆ ನಿಂತು ಮಾತಾಡುವಷ್ಟು ಸಲಿಗೆ ಬೆಳೆಸಿರಲಿಲ್ಲ. ಊಟಕ್ಕೆ ಬನ್ನಿ ಎನ್ನುವುದಕ್ಕೂ ಬಾಗಿಲ ಮರೆಯಿಂದ ಬಳೆ ಸದ್ದು ಮಾಡುತ್ತಿದ್ದೆ.

ಮೊದಲ ನವರಾತ್ರಿ ಬಂತು. ಆಯುಧ ಪೂಜೆಯ ದಿನ ಬೆಳಿಗ್ಗೆ ಮಾವ ಹೂವು ತರಲು ಪೇಟೆಗೆ ಹೋದರು. ಕತ್ತಿ, ಹಾರೆ, ಕೊಟ್ಟಿಗೆಯ ಸಾಮಾನು ಎಲ್ಲ ತೊಳೆದಾಯಿತು. ಈ ಮನೆಯ ನಿಜವಾದ ಆಯುಧ ಕ್ಯಾಮೆರಾ ತಾನೆ? ಅದರ ಮೂತಿ ನೋಡಿದರೆ ಕಂದು ಬಣ್ಣಕ್ಕೆ ತಿರುಗಿತ್ತು. ಅತ್ತೆ ಇಲ್ಲದ ಮನೆ, ಪಾಪ, ಯಾರು ಬೆಳಗುತ್ತಾರೆ ಎಂದುಕೊಂಡೆ. ಮುಂದಿನ ಹಿತ್ತಾಳೆಯ ಕೊಳವೆಯನ್ನು ತಿರುಗಿಸಿದರೆ ಡಬ್ಬಿಯ ಮುಚ್ಚಳದ ಹಾಗೆ ಬಿಚ್ಚಿ ಬಂತು, ಗಾಜು ಹಿಂದೆಯೇ ಉಳಿಯಿತು. ಒಳಗೆ ಮಸಿಯಂತಹ ಕಪ್ಪು. ಎಷ್ಟು ವರ್ಷದ ಕೊಳೆಯೋ ಎಂದು ಹುಳಿ ಹಾಕಿ ನೆನೆಸಿ, ಬೂದಿ ಹಾಕಿ, ಹೊರಗೂ ಒಳಗೂ ತಿಕ್ಕಿದೆ. ನೀರು ಕಪ್ಪಾಗಿ ಹರಿದಷ್ಟೂ ನನಗೆ ಖುಷಿ. ಕೊಳವೆ ಒಳಗೂ ಹೊರಗೂ ಚಿನ್ನದ ಹಾಗೆ ಹೊಳೆಯಿತು. ಒಣಗಿಸಿ ಮೊದಲಿನಂತೆ ಕೂರಿಸಿ, ತೊಗಲಿನ ಮುಚ್ಚಳ ಹಾಕಿಟ್ಟೆ.

ಪೂಜೆಗೆ ಕೂತ ಮಾವ ಕ್ಯಾಮೆರಾಕ್ಕೆ ಗಂಧ ಹಚ್ಚುವಾಗ ಒಂದು ಕ್ಷಣ ತಡೆದರು. ಮೂತಿಯ ಮೇಲೆ ಬಳಿದಿದ್ದ ಅರಗಿನ ಕಂದು ಲೇಪ ಹೋದದ್ದು ಅವರಿಗೆ ಗೊತ್ತಾಗಿತ್ತು ಎಂದು ಈಗ ತಿಳಿಯುತ್ತದೆ. ಹಬ್ಬದ ದಿನ ಸೊಸೆಯನ್ನು ಗದರುವುದು ಬೇಡವೆಂದೋ ಏನೋ, "ಹೊಳೀತಾ ಉಂಟು" ಎಂದಷ್ಟೇ ಹೇಳಿದರು. ನಾನು ಉಬ್ಬಿಹೋದೆ.

ಆ ಉಬ್ಬು ಸಂಜೆಯವರೆಗೆ. ಸಂಜೆ ಹೊಳೆಯಾಚೆಯ ಬೆಂಗರೆಯಿಂದ ಮೀನುಗಾರರ ಹುಡುಗ ವಾಸು ಬಂದ. ಹಡಗಿನಲ್ಲಿ ಕಲಾಸಿ ಕೆಲಸ ಸಿಕ್ಕಿದವನು, ಎರಡು ದಿನ ಬಿಟ್ಟು ಹೊರಡುವವನು. ಅವನಿಗೆ ತಾಯಿಯ ಒಂದು ಫೋಟೋ ಬೇಕಿತ್ತು. ತಾಯಿ ಅಕ್ಕಮ್ಮನಿಗೋ ಕ್ಯಾಮೆರಾ ಎಂದರೆ ಯಮನ ಕಣ್ಣು. ಅವಳ ಗಂಡ ಫೋಟೋ ತೆಗೆಸಿಕೊಂಡ ವರ್ಷವೇ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಮಗ ಊಟ ಬಿಟ್ಟು ಹಟ ಹಿಡಿದ ಮೇಲೆ, ವಿಜಯದಶಮಿಯ ದಿನ, ಒಂದೇ ಒಂದು ಸಲ ಕೂರುತ್ತೇನೆ ಎಂದು ಒಪ್ಪಿದ್ದಳು. ಮಾವನ ಹತ್ತಿರವೂ ಉಳಿದಿದ್ದದ್ದು ಒಂದೇ ಫಿಲ್ಮಿನ ಹಾಳೆ. ಇನ್ನೊಂದು ಮದರಾಸಿನಿಂದ ಯಾವಾಗ ಬರುತ್ತದೋ ದೇವರಿಗೇ ಗೊತ್ತು.

ಅವಲಕ್ಕಿ ತಿನ್ನುತ್ತಾ ವಾಸು ಕೇಳಿದ, ಕ್ಯಾಮೆರಾದ ಒಳಗೆಲ್ಲ ಕಪ್ಪು ಯಾಕೆ ಎಂದು. ಮಾವನಿಗೆ ಅಂಥ ಪ್ರಶ್ನೆ ಸಿಕ್ಕಿದರೆ ಸಾಕು. ಒಳಗೆ ಹೊಳಪಿದ್ದರೆ ಬೆಳಕು ಗೋಡೆಗೆ ಬಡಿದು ಚೆಲ್ಲುತ್ತದೆ, ಚಿತ್ರಕ್ಕೆ ಹಾಲು ಹೊಯ್ದ ಹಾಗಾಗುತ್ತದೆ, ಚೆಲ್ಲಿದ ಬೆಳಕನ್ನು ತಿಂದುಬಿಡಲಿಕ್ಕೆ ಆ ಕಪ್ಪು ಎಂದು ವಿವರಿಸಿದರು. ಅಡುಗೆಮನೆಯಲ್ಲಿ ಕೇಳಿಸಿಕೊಂಡ ನಾನು ಹುಳಿಯ ಪಾತ್ರೆಯನ್ನು ಒಲೆಯ ಹಿಂದಕ್ಕೆ ಸರಿಸಿದೆ.

ಹೇಳಬೇಕಿತ್ತು. ನೀವೂ ಅದನ್ನೇ ಹೇಳುತ್ತೀರಿ. ಆದರೆ ವಾಸು ಹೋದ ಮೇಲೆ ಹೇಳೋಣ ಎಂದುಕೊಂಡೆ, ಊಟವಾದ ಮೇಲೆ ಎಂದುಕೊಂಡೆ, ಬೆಳಿಗ್ಗೆ ಎಂದುಕೊಂಡೆ. ಬೆಳಿಗ್ಗೆ ಕಾಫಿಯ ಲೋಟವಿಟ್ಟು ಬಾಯಿ ತೆರೆದೆ. ಬಂದದ್ದು "ಸಕ್ಕರೆ ಸಾಕಾ ಮಾವ?" ಎಂಬ ಮಾತು.

ಅಕ್ಕಮ್ಮ ಹೊಳೆ ದಾಟಿ ಬಂದಳು. ಹಸಿರು ಸೀರೆ, ಮಡಿಲಲ್ಲಿ ಬಿಗಿದ ಮುಷ್ಟಿ. ಅಂಗಳದಲ್ಲಿ ಹಿನ್ನೆಲೆಗೆ ಚಾಪೆ ಕಟ್ಟಿ ಅವಳನ್ನು ಕೂರಿಸಿದರು. ಮಾವ ಮುಚ್ಚಳ ತೆಗೆದು ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರು. ಹೊರಗೆ ಬಂದರು. ಚಿತ್ರ ತಲೆಕೆಳಗಾಗಿ ಮೂಡುವ ಹಿಂದಿನ ಮಂಜುಗಾಜನ್ನು ಒರೆಸಿದರು. ಪುನಃ ತಲೆ ಹಾಕಿದರು. ಆಮೇಲೆ ತಮ್ಮ ಕನ್ನಡಕ ಒರೆಸಿದರು. ಮೂರನೆಯ ಸಲ ಹೊರಗೆ ಬಂದವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ವಾಸು, ಆಗುವುದಿಲ್ಲ ಮಾರಾಯ" ಎಂದರು. "ಎಲ್ಲ ಬಿಳಿ ಬಿಳಿ. ನನ್ನ ಕಣ್ಣು ಹೋಯಿತು ಕಾಣ್ತದೆ."

ಅವರ ಅಪ್ಪನಿಗೂ ಅದೇ ವಯಸ್ಸಿನಲ್ಲಿ ಪೊರೆ ಬಂದಿತ್ತಂತೆ. ವರ್ಷಗಳಿಂದ ಅವರು ಹೆದರಿಕೊಂಡಿದ್ದದ್ದು ಅದಕ್ಕೇ. ಆ ಮುಖದ ಬಣ್ಣ ಇಳಿದದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದೆ. ಅಕ್ಕಮ್ಮ ಎದ್ದು ನಿಂತಾಗಿತ್ತು. ಬೇಡ ಅಂತ ದೇವರೇ ಹೇಳಿದ ಹಾಗಾಯಿತು, ನಡಿ ಮಗಾ ಎಂದು ವಾಸುವಿನ ಕೈ ಹಿಡಿದಳು.

ಹೇಗೆ ಅಂಗಳಕ್ಕಿಳಿದೆನೋ ಗೊತ್ತಿಲ್ಲ. "ಮಾವ, ನಿಮ್ಮ ಕಣ್ಣು ಸರಿ ಉಂಟು. ಅದನ್ನು ನಾನು ಉಜ್ಜಿದ್ದು. ಒಳಗೂ" ಎಂದೆ.

"ಎಂತದರಲ್ಲಿ?"

"ಹುಣಸೆಹುಳಿ. ಮತ್ತೆ ಬೂದಿ."

ಮೊದಲು ಬಾಯಿ ಬಿಟ್ಟವಳು ಅಕ್ಕಮ್ಮ. "ಮೀನಿಗೂ ಅದೇ ಹಾಕುವುದು ನಾವು. ಮೆಣಸು ಒಂದು ಬಿಟ್ಟುಹೋಯ್ತಲ್ಲ ಮಾರಾಯ್ತಿ" ಎಂದಳು. ಮಾವ ಕೊಳವೆ ಬಿಚ್ಚಿ ಒಳಗೆ ನೋಡಿದರು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವವರೆಗೆ. ಅದು ನಗುವಿನ ನೀರೋ ಬೇರೆಯದೋ ನಾನು ಕೇಳಲಿಲ್ಲ.

ಐದು ನಿಮಿಷ ಕೂತುಕೊಳ್ಳಲು ಅಕ್ಕಮ್ಮನಿಗೆ ಹೇಳಿ, ನನ್ನಲ್ಲಿ ಪೂಜೆಯ ಕರ್ಪೂರವನ್ನೂ ಇಕ್ಕಳವನ್ನೂ ತರಿಸಿದರು. ಕೊಳವೆಯೊಳಗಿನ ಬೂದಿಯ ಕಣ ಒಂದೂ ಉಳಿಯದಂತೆ ಒರೆಸಿ, ಕರ್ಪೂರ ಹಚ್ಚಿ, ಅದರ ಹೊಗೆಯ ಮೇಲೆ ಕೊಳವೆಯನ್ನು ಮೆಲ್ಲಗೆ ತಿರುಗಿಸಿದರು. ಒಳಗೆಲ್ಲ ಮಖಮಲ್ಲಿನಂಥ ಕಪ್ಪು ಕೂತಿತು. ಬಿಸಿ ಲೋಹ ಗಾಜಿನ ಹತ್ತಿರ ಹೋಗಬಾರದೆಂದು ಆರುವವರೆಗೆ ಕಾದರು. ಅಕ್ಕಮ್ಮ ಆ ಹೊತ್ತಿಗೆ ಕರ್ಪೂರದ ಕಡೆಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡಳು. ದೇವರ ಆರತಿ ಕಂಡ ಯಂತ್ರ ತನ್ನನ್ನೇನು ಮಾಡೀತು ಎಂಬ ಧೈರ್ಯ ಬಂತೋ ಏನೋ, ತಾನಾಗಿ ಹೋಗಿ ಕೂತಳು. ಮುಷ್ಟಿ ಬಿಚ್ಚಿತ್ತು.

ಚಿತ್ರ ಬಂತು. ಹಣೆಯ ಒಂದೊಂದು ಗೆರೆಯೂ ಬಂತು. ವಾಸು ಅದನ್ನು ತಗಡಿನ ಡಬ್ಬಿಯಲ್ಲಿಟ್ಟುಕೊಂಡು ಹಡಗು ಹತ್ತಿದ. ಅಕ್ಕಮ್ಮ ಅನಂತರ ಎಷ್ಟೋ ವರ್ಷ ನಮಗೆ ಮೀನು ತಂದಳು. ಬುಟ್ಟಿ ಇಳಿಸುವಾಗಲೆಲ್ಲ ಮಾವನಿಗೆ ಕೇಳುವಂತೆ, ನೋಡಿ, ಇನ್ನೂ ಇದ್ದೇನೆ ಎನ್ನುವಳು.

ಫೋಟೋ ತೆಗೆದ ಮರುದಿನ ಮಾವ ಅಳಿಲಿನ ಬಾಲದ ಕೂದಲಿನ ಸಣ್ಣ ಕುಂಚವೊಂದನ್ನು ನನ್ನ ಕೈಗೆ ಕೊಟ್ಟು, ಇನ್ನು ಮುಂದೆ ಕ್ಯಾಮೆರಾ ಶುದ್ಧ ಮಾಡುವವಳು ನೀನೇ ಎಂದರು. ನೀರು ತಾಗಿಸಬಾರದು. ಮೊದಲು ಒಣ ಕುಂಚ, ಆಮೇಲೆ ತೊಳೆದು ತೊಳೆದು ಸವೆದ ಮಲ್ಲಿನ ಪಂಚೆಯ ತುಂಡು. ಕಿಲುಬು ಇದ್ದರೆ ಆ ಭಾಗವನ್ನು ಗಾಜಿನಿಂದ ದೂರ ಬಿಚ್ಚಿಟ್ಟುಕೊಂಡು, ಗಡಿಯಾರದವರ ಎಣ್ಣೆ ಒಂದು ಹನಿ. ಅದೂ ಬಟ್ಟೆಗೆ ಹಾಕುವುದು, ಲೋಹಕ್ಕಲ್ಲ. ಬೆಳಕನ್ನು ಬಿಡುವ, ತಡೆಯುವ ಒಳಗಿನ ತೆಳ್ಳಗಿನ ರೆಕ್ಕೆಗಳಿಗೆ ಬೆರಳು ಸೋಕಬಾರದು. ಕಂದು ಬಣ್ಣ ಇದ್ದರೆ ಇರಲಿ, ಅದು ಕೊಳೆಯಲ್ಲ. ಇಷ್ಟು ಕಲಿಯುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಬೆಳಗದೆ ಇರುವುದು ಬೆಳಗುವುದಕ್ಕಿಂತ ಕಷ್ಟ.

ತುಂಬಾ ವರ್ಷದ ಮೇಲೆ ಒಂದು ಬೆಳಿಗ್ಗೆ ಮಾವ ಕಪ್ಪು ಬಟ್ಟೆಯಿಂದ ತಲೆ ಹೊರಗೆ ತೆಗೆದು, "ಮಗಾ, ಪುನಃ ಉಜ್ಜಿದ್ಯಾ?" ಎಂದು ಕೇಳಿದರು. ನಗುತ್ತಲೇ ಕೇಳಿದರು. ನಾನು ಓಡಿಹೋಗಿ ಕೊಳವೆ ಬಿಚ್ಚಿ ನೋಡಿದೆ. ಒಳಗಿನ ಕಪ್ಪು ಹಾಗೇ ಇತ್ತು. ಹೌದು ಎಂದುಬಿಡಲೇ ಅನ್ನಿಸಿತು. "ಇಲ್ಲ ಮಾವ" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

ಇಷ್ಟು ಹೊತ್ತು ಹುಡುಗಿ ಬೆಂಚಿನ ಹತ್ತಿರ ಕೂತು ಕೇಳುತ್ತಿದ್ದಳು. ನನ್ನ ಪೆಟ್ಟಿಗೆಯಿಂದ ಮಾವ ಕೊಟ್ಟ ಆ ಕುಂಚವನ್ನು ತೆಗೆದು ಅವಳ ಕ್ಯಾಮೆರಾದ ಧೂಳು ಕೊಡವಿದೆ. ನನ್ನ ಸೆರಗನ್ನೇ ತಲೆಗೆ ಮುಸುಕು ಹಾಕಿಕೊಂಡು ಹಿಂದಿನ ಗಾಜಿನಲ್ಲಿ ಅಂಗಳವನ್ನು ನೋಡಿದೆ. ತೆಂಗಿನಮರ ತಲೆಕೆಳಗಾಗಿ ನಿಂತಿತ್ತು. ಅದರ ಮೇಲೆಲ್ಲ ಹಾಲು ಹೊಯ್ದ ಹಾಗೆ ಬಿಳಿ.

"ಮಗಾ, ನೀನು ಇದನ್ನು ಆಗಲೇ ಉಜ್ಜಿದ್ಯಾ?"

"ಇಲ್ಲ ಅಜ್ಜಿ. ದೇವರಾಣೆ."

ಕೊಳವೆ ಬಿಚ್ಚಿ ಬೆಳಕಿಗೆ ಹಿಡಿದೆ. ಒಳಗೆ ಒಳ್ಳೆಯ ಕಪ್ಪು. ಯಾರೂ ಮುಟ್ಟಿರಲಿಲ್ಲ. ನಾನೂ ಕನ್ನಡಕ ತೆಗೆದು ಒರೆಸಿದೆ. ಆಮೇಲೆ ಕೊಳವೆಯನ್ನು ಮೊದಲಿನಂತೆ ಕೂರಿಸಿ, ಹುಡುಗಿಯನ್ನು ಹತ್ತಿರ ಕರೆದು, ಸೆರಗನ್ನು ಅವಳ ತಲೆಯ ಮೇಲೆ ಹಾಕಿದೆ. ಎಂತ ಕಾಣ್ತದೆ ಎಂದು ಕೇಳಿದೆ.

"ತೆಂಗಿನ ಒಂದೊಂದು ಗರಿಯೂ ಕಾಣ್ತದೆ ಅಜ್ಜಿ. ಒಂದು ಕಾಗೆ ಕೂಡ ಉಂಟು."

ನನಗೆ ಕಾಗೆ ಕಂಡಿರಲಿಲ್ಲ. ಕುಂಚವನ್ನು ಅವಳ ಕೈಗೆ ಕೊಟ್ಟೆ.